ಗೋಪುರ ಕಂಡಾಗ ಬ್ರೇಕ್ ಹಿಡಿ

ಸೆಪ್ಟೆಂಬರ್ 3

ಗಿರಗಿಟ್ಲೆ,

ಎದ್ದು ನಿಂತು ಓದು! ಇದು ಕೂತು ಓದುವ ಪತ್ರವಲ್ಲ. ಏಳು ರಾಜರ ಪಾತ್ರ ಕಟ್ಟಿ, ಮೂವತ್ತು ವರ್ಷ ರಂಗದ ಹಲಗೆ ನಡುಗಿಸಿ, ಈಗ ಸೈಕಲ್ ಅಂಗಡಿಯಲ್ಲಿ ಪಂಕ್ಚರ್ ಹಾಕುತ್ತ ಕೂತಿರುವ ನಿನ್ನ ಅಪ್ಪ, ನಿನ್ನೆ ಸಂಜೆ ಒಂದು ಬೆಟ್ಟಸಾಲನ್ನೇ ಎತ್ತಿ ಹಿಂದುಮುಂದಾಗಿ ಇಟ್ಟಿದ್ದಾನೆ!

ಸೈಕಲ್ಲಿನವರಿಗೆ ನಾನು ಬರೆದುಕೊಡುವ ದಾರಿಚೀಟಿ ನಿನಗೆ ಬಾಯಿಪಾಠ. ನಮ್ಮ ಅಂಗಡಿಯಿಂದ ಹೊರಟು ಕಾವಲು ಗೋಪುರದ ಕಡೆಯಿಂದ ಬೆಟ್ಟ ಹತ್ತಿ, ರಾಣಿಯ ಸಮಾಧಿ, ಹಾಳುಕೋಟೆಯ ಬಾಗಿಲು ನೋಡಿಕೊಂಡು, ಏಳು ಕಮಾನಿನ ಕಲ್ಲುಸೇತುವೆ ದಾಟಿ ನೀನಿರುವ ಪಟ್ಟಣಕ್ಕೆ ಇಳಿಯುವ ಅರವತ್ನಾಲ್ಕು ಕಿಲೋಮೀಟರ್. ಸೈಕಲ್ ಸಂಘದವರು ಬಂದು, "ಯಜಮಾನ್ರೇ, ಇದನ್ನೇ ಆ ಕಡೆಯಿಂದ ಈ ಕಡೆಗೆ ಬರ್ಕೊಡಿ, ಸೇತುವೆ ಕಡೆ ಏರು ಮೆತ್ತಗಿದೆ" ಅಂದರು. ಒಂದೇ ಸಂಜೆ! ಮೇಜಿನ ಮೇಲೆ ಹಳೆಯ ಚೀಟಿ ಇಟ್ಟುಕೊಂಡು ಕೆಳಗಿನಿಂದ ಮೇಲಕ್ಕೆ ಬರೆಯುತ್ತ ಹೋದೆ. ಏರು ಇದ್ದದ್ದು ಇಳಿಜಾರಾಯಿತು, ಎಡ ಇದ್ದದ್ದು ಬಲವಾಯಿತು, ಗೇರ್ ಇದ್ದಲ್ಲಿ ಬ್ರೇಕ್ ಬಂತು. ನಾಲ್ಕು ವರ್ಷದಿಂದ ಈ ಮಂಡಿ ಪೆಡಲ್ ತುಳಿದಿಲ್ಲ, ನಿಜ. ಆದರೆ ಆ ಬೆಟ್ಟದ ಒಂದೊಂದು ಕಲ್ಲೂ ನನ್ನ ನಾಲಿಗೆಯ ಮೇಲಿದೆ.

ಮೊದಲ ಪ್ರತಿ ನಿನಗೆ, ಇದರ ಜೊತೆಗೇ ಇದೆ. ಒಂಬತ್ತನೆಯ ಸಾಲನ್ನು ಗಟ್ಟಿಯಾಗಿ ಓದು: "ಕೋಟೆ ಬಾಗಿಲಿನಿಂದ ಇಳಿಜಾರು. ಬ್ರೇಕಿಗೆ ರಜೆ ಕೊಡು, ಗಾಳಿಯ ಜೊತೆ ಮಾತಾಡು. ಕಾವಲು ಗೋಪುರ ಕಂಡಾಗ ಬ್ರೇಕ್ ಹಿಡಿ. ಆಚೆ ಬಲಕ್ಕೆ ಕಡುತಿರುವು." ಹೇಗಿದೆ? ಚಪ್ಪಾಳೆ ಕೇಳಿಸುತ್ತಿಲ್ಲ!

ನೀನು ಆರು ವರ್ಷದವಳಿದ್ದಾಗ ರಾಜಕುಮಾರಿಯ ಪಾತ್ರಕ್ಕೆ ಪರದೆಯ ಪಕ್ಕ ನಿಲ್ಲಿಸಿ ಏನು ಹೇಳಿಕೊಟ್ಟಿದ್ದೆ? ಸೂಚನೆ ಬರುವ ತನಕ ಹೆಜ್ಜೆ ಕೀಳಬೇಡ. ಬಂದಮೇಲೆ ಒಂದು ಚಣ ತಡ ಮಾಡಬೇಡ. ಬೆಟ್ಟದಲ್ಲೂ ಅಷ್ಟೇ. ಗೋಪುರವೇ ಸೂಚನೆ.

ನಿನ್ನ ಅತ್ತೆ ಅಡುಗೆಮನೆಯಿಂದ, "ಅಣ್ಣಾ, ಪತ್ರ ಬರೀತಿದ್ದೀಯೋ ಭಾಷಣ ಮಾಡ್ತಿದ್ದೀಯೋ? ಪಕ್ಕದ ಮನೆಯೋರು ಕಿಟಕಿ ಹಾಕ್ಕೊಂಡ್ರು" ಅನ್ನುತ್ತಿದ್ದಾಳೆ. ಬಾಯಲ್ಲಿ ಹೇಳಿಕೊಳ್ಳದೆ ನನಗೆ ಬರೆಯಲು ಬರುವುದಿಲ್ಲ, ಏನು ಮಾಡಲಿ?

ಕಿರೀಟ ಕಳಚಿದ ಮಹಾರಾಜ,
ನಿನ್ನ ಅಪ್ಪ

*

ಅಕ್ಟೋಬರ್ 27

ಗಿರಗಿಟ್ಲೆ,

ನಿನ್ನನ್ನು ಆಸ್ಪತ್ರೆಯಿಂದ ರೂಮಿಗೆ ಬಿಟ್ಟು ಬಂದು ಎಂಟು ದಿನವಾಯಿತು. ನಲವತ್ತೆರಡು ಮೆಟ್ಟಿಲು, ನಾನು ಎಣಿಸಿದೆ. ಕೆಳಗಿನ ಮಹಡಿಯಲ್ಲಿ ಒಂದು ಕೋಣೆ ಕೇಳು ಎಂದರೆ ನೀನು ಗೋಡೆ ನೋಡುತ್ತ ಕೂತೆ. ಐದು ವಾರ ನಿನ್ನ ಹಾಸಿಗೆಯ ಪಕ್ಕದಲ್ಲಿದ್ದೆ, ನೀನು ನನ್ನ ಜೊತೆ ಆಡಿದ ಮಾತು ಅಂಗೈಯಲ್ಲಿ ಹಿಡಿಯಬಹುದು.

ನನಗೆ ಹೇಳದೆ, ಅಪ್ಪನಿಗೆ ಅಚ್ಚರಿಯಾಗಲಿ ಎಂದು ಹೊಸ ಚೀಟಿ ಹಿಡಿದು ನಮ್ಮ ಮನೆಗೇ ಹೊರಟಿದ್ದೆಯಂತೆ. ಎಂಥ ಮಗಳು! ಆದರೆ ಒಂದು ನಾಯಿ! ಒಂದು ಬೀದಿನಾಯಿ ಅಡ್ಡ ಬಂತೆಂದು ನನ್ನ ಮಗಳ ತೊಡೆಯಲ್ಲಿ ಕಬ್ಬಿಣದ ಸರಳು! ಎಷ್ಟು ಸಲ ಹೇಳಿದ್ದೆ, ಇಳಿಜಾರಿನಲ್ಲಿ ಕಣ್ಣು ಮುಂದಿರಲಿ ಎಂದು? ಚೀಟಿಯಲ್ಲಿ ಬ್ರೇಕ್ ಎಲ್ಲಿ ಹಿಡಿಯಬೇಕೆಂದು ಬರೆದಿರಲಿಲ್ಲವೇ? ಬರೆದದ್ದನ್ನು ಓದಲು ನಿನಗೇನು ಕಷ್ಟ?

ಬೈಯುತ್ತಿಲ್ಲ. ಬೈಯುತ್ತಿದ್ದೇನೆ. ಬೈಯದಿದ್ದರೆ ಇನ್ನೇನಾಗಿಬಿಡುತ್ತೇನೋ ಎಂದು ಹೆದರಿಕೆ.

ಒಂಬತ್ತನೆಯ ಸಾಲಿನ ಕೆಳಗೆ "ಇಲ್ಲಿ ನಾಯಿಗಳ ಕಾಟ" ಎಂದು ಸೇರಿಸಿದ್ದೇನೆ. ಇನ್ನೊಬ್ಬರ ಮಕ್ಕಳಾದರೂ ಉಳಿಯಲಿ.

ವ್ಯಾಯಾಮ ಬಿಡಬೇಡ. ಮಂಡಿ ಎಷ್ಟು ಮಡಚುತ್ತದೆ ಬರೆ.

ಅಪ್ಪ

*

ನವೆಂಬರ್ 6

ಅಪ್ಪ,

ಮಂಡಿ ಅರವತ್ತು ಡಿಗ್ರಿ ಮಡಚುತ್ತದೆ. ಪೆಡಲ್ ಒಂದು ಸುತ್ತು ಬರಬೇಕಾದರೆ ನೂರಹತ್ತು ಬೇಕು. ವ್ಯಾಯಾಮ ಮಾಡಿಸುವವರು, "ಅರವತ್ತೈದಾದರೂ ಆಗಬಹುದು" ಎಂದು ನಗುತ್ತ ಹೇಳಿದರು. ಒಳ್ಳೆಯವರು. ಐದು ಡಿಗ್ರಿಗೆ ಅಷ್ಟು ನಗು ಖರ್ಚು ಮಾಡಿದರು.

ಕನ್ನಡಕದ ಅಂಗಡಿಗೆ ಹೋಗುತ್ತಿದ್ದೇನೆ. ಗಾಜು ತಿಕ್ಕುವ ಯಂತ್ರದ ಮುಂದೆ ಕೂತೇ ಕೆಲಸ, ಕಾಲು ನೀಡಲು ಮಾಲೀಕರು ಒಂದು ಸ್ಟೂಲು ಹಾಕಿಸಿದ್ದಾರೆ. ಬೆಳಗ್ಗೆ ಇಳಿದರೆ ಸಂಜೆ ಒಮ್ಮೆ ಹತ್ತುತ್ತೇನೆ, ಅಷ್ಟೇ.

ಒಂದು ಮಾತು. ತಿರುಗಿಸಿದ ಚೀಟಿ ಈಗ ಬೇಡ. ಹಳೆಯದೇ ಚೆನ್ನಾಗಿದೆ. ಸಂಘದವರಿಗೂ ಹಳೆಯದನ್ನೇ ಕೊಡಿ.

ಅತ್ತೆಗೆ ನಮಸ್ಕಾರ.

ಮಗಳು

*

ನವೆಂಬರ್ 15

ಮಗಳು?!

ಯಾವ ಮಗಳು? ಇಪ್ಪತ್ತೊಂಬತ್ತು ವರ್ಷ "ಗಿರಗಿಟ್ಲೆ" ಎಂದು ಸಹಿ ಹಾಕಿದವಳು ಈಗ ಅರ್ಜಿ ಬರೆದ ಹಾಗೆ "ಮಗಳು"! ಪತ್ರ ಓದಿ ನಾನು ಅಂಗಡಿಯ ಮುಂದೆ ನಿಂತು ಒಂದು ಡೈಲಾಗ್ ಹೊಡೆದೆ, ಎದುರಿನ ಕ್ಷೌರದವನು ಗಿರಾಕಿಯ ಮೀಸೆ ಅರ್ಧ ತೆಗೆದುಬಿಟ್ಟ.

ತಿರುಗಿಸಿದ ಚೀಟಿ ಬೇಡವಂತೆ. ಯಾಕೆ ಬೇಡ? ನೀನು ಬಿದ್ದೆ ಎಂದು ದಾರಿ ತಪ್ಪೇ? ನಾಟಕದಲ್ಲಿ ಒಬ್ಬ ಎಡವಿದ ಎಂದು ಅಂಕವನ್ನೇ ತೆಗೆದುಹಾಕುತ್ತಾರೆಯೇ? ಕೇಳು: ಸಂಘದವರು ಐನೂರು ಪ್ರತಿ ಕೇಳಿದ್ದಾರೆ! ಅಚ್ಚಿನಲ್ಲಿ! ನಾಟಕದಲ್ಲಿ ತೆರೆಯ ಹಿಂದೆ ಕೂತು ನನಗೆ ಮಾತು ಎತ್ತಿಕೊಡುತ್ತಿದ್ದ ಪ್ರಾಂಪ್ಟರ್, ನಿನ್ನ ಮುದ್ರಣದ ಮಾವ, ಅವನ ಅಂಗಡಿಯಲ್ಲೇ ಅಚ್ಚಾಗುತ್ತಿದೆ. ಕೆಳಗೆ ಸಣ್ಣ ಅಕ್ಷರದಲ್ಲಿ "ದಾರಿ ಬರೆದವರು: ಸೈಕಲ್ ಅಂಗಡಿಯ ಮಹಾರಾಜ." ನಾಟಕ ಕಂಪನಿ ಮುಚ್ಚಿದ ಮೇಲೆ ನನ್ನ ಹೆಸರು ಅಚ್ಚಿನಲ್ಲಿ ಬಂದದ್ದೇ ಇಲ್ಲ. ಇದೂ ಹೆಸರಲ್ಲ, ಬಿಡು, ಅಡ್ಡಹೆಸರು. ಆದರೂ.

ನಿನ್ನ ಸೈಕಲ್ಲು ನಮ್ಮಲ್ಲೇ ಇದೆ. ಮುಂದಿನ ಚಕ್ರ ಹೊಸದು ಹಾಕಿದೆ. ರಾಜನ ಶಾಲಿನ ನೀಲಿ ಬಣ್ಣ ಮತ್ತೆ ಬಳಿದೆ. ಕಾಯುತ್ತಿದೆ.

ಅಪ್ಪ

*

ನವೆಂಬರ್ 19

ಮುದ್ರಣದ ಮಾವನಿಗೆ,

ಅಪ್ಪನ ಚೀಟಿ ಅಚ್ಚು ಹಾಕಬೇಡಿ. ಹಾಕಿದ್ದರೆ ಕೊಡಬೇಡಿ. ಮಸಿ ಚೆಲ್ಲಿತು ಅನ್ನಿ, ಯಂತ್ರ ಕೆಟ್ಟಿತು ಅನ್ನಿ.

ನಿಮಗೆ ಮಾತ್ರ ಹೇಳುತ್ತೇನೆ. ನಾಯಿ ಇರಲಿಲ್ಲ. ಅಪ್ಪ ಜೀವಮಾನವಿಡೀ ಆ ಬೆಟ್ಟವನ್ನು ಗೋಪುರದ ಕಡೆಯಿಂದಲೇ ಹತ್ತಿದವರು. ಕೆಳಗಿನಿಂದ ಹತ್ತುವವರಿಗೆ ಗೋಪುರ ಒಂದು ಮೈಲಿ ದೂರದಿಂದ ಕಾಣುತ್ತದೆ, ಆಮೇಲೆ ತಿರುವು. ಮೇಲಿನಿಂದ ಇಳಿಯುವವರಿಗೆ ಅಡ್ಡಲಾಗಿ ದೊಡ್ಡ ಬಂಡೆ ಇದೆ, ಮಾವ. ತಿರುವು ಮುಗಿಯುವ ತನಕ ಗೋಪುರ ಕಾಣುವುದೇ ಇಲ್ಲ. ಚೀಟಿಯಲ್ಲಿ ಗೋಪುರ ಕಂಡಾಗ ಬ್ರೇಕ್ ಹಿಡಿ ಎಂದಿತ್ತು. ನಾನು ಕಾಯುತ್ತ ಬಂದೆ. ಬಂಡೆ ಹತ್ತಿರ ಹತ್ತಿರ ಬರುವಾಗ ಒಮ್ಮೆ ಕೈ ಬ್ರೇಕಿನ ಮೇಲೆ ಹೋಯಿತು. ಇಲ್ಲ, ಇನ್ನೂ ಸೂಚನೆ ಬಂದಿಲ್ಲ ಅಂದುಕೊಂಡು ತೆಗೆದೆ. ಬೇರೆ ಯಾರು ಬರೆದ ಚೀಟಿಯಾಗಿದ್ದರೂ ಹಿಡಿಯುತ್ತಿದ್ದೆ.

ಅಪ್ಪನಿಗೆ ಹೇಳಲು ನನ್ನಿಂದ ಆಗುವುದಿಲ್ಲ. ನಾಟಕ ಹೋಯಿತು, ಅಮ್ಮ ಹೋದಳು, ಮಂಡಿ ಹೋಯಿತು. ಜನ ಅವರನ್ನು ಹುಡುಕಿಕೊಂಡು ಬರುವುದು ಈ ಚೀಟಿಗೆ ಮಾತ್ರ. ಆದರೆ ಇನ್ನೊಬ್ಬರು ಅಲ್ಲಿ ಬಿದ್ದರೆ ನಾನೇ ಬೀಳಿಸಿದ ಹಾಗೆ. ಏನಾದರೂ ಮಾಡಿ.

ನಿಮ್ಮ ಗಿರಗಿಟ್ಲೆ

*

ನವೆಂಬರ್ 26

ಮಗೂ,

ನಿನ್ನ ಕಾಗದ ಕೈ ಸೇರುವಷ್ಟರಲ್ಲಿ ಐನೂರೂ ಅಚ್ಚಾಗಿ, ಕತ್ತರಿಸಿ, ಕಟ್ಟು ಕಟ್ಟಿ ಆಗಿತ್ತು. ಕರಡು ತಿದ್ದಿದವನು ನಾನೇ. ಒತ್ತಕ್ಷರ ನೋಡಿದೆ, ದೀರ್ಘ ನೋಡಿದೆ. ಬಂಡೆ ನೋಡಲಿಲ್ಲ.

ಓಡಿದೆ ನಿಮ್ಮ ಅಂಗಡಿಗೆ. ನಿನ್ನಪ್ಪ ಆಗಲೇ ಬಾಗಿಲಲ್ಲಿ ನಿಂತು ಹೋಗಿ ಬರುವ ಸೈಕಲ್ಲಿನವರಿಗೆಲ್ಲ ಪ್ರಸಾದದ ಹಾಗೆ ಹಂಚುತ್ತಿದ್ದ. "ಏನೋ ಪ್ರಾಂಪ್ಟರ್, ಹೌಸ್‌ಫುಲ್ ಕಣೋ!" ಅಂದ. ನಾನು, "ಸ್ವಲ್ಪ ನಿಲ್ಸೋ, ಒಂದು ಸಾಲು ನೋಡ್ಬೇಕು" ಅಂದೆ. "ನೀನು ನೋಡಿದ್ದು ಸಾಲ್ದಾ? ಹೊಟ್ಟೆಕಿಚ್ಚಾ?" ಅಂತ ನಕ್ಕ. ಹಾಗೆ ನಗುವುದನ್ನು ನಾನು ಹತ್ತು ವರ್ಷದಿಂದ ಕಂಡಿಲ್ಲ, ಮಗೂ.

ಉಳಿದ ಕಟ್ಟುಗಳನ್ನು, ಅಂಚು ಸರಿ ಕತ್ತರಿಸಿಲ್ಲ ಎಂದು ಸುಳ್ಳು ಹೇಳಿ ಹೊತ್ತು ತಂದೆ. ಎಣಿಸಿದೆ. ಎಂಬತ್ತಮೂರು ಕಡಿಮೆ. ಯಾರಿಗೆ ಕೊಟ್ಟ, ಯಾವ ಊರಿನವರು, ಅವನಿಗೂ ಗೊತ್ತಿಲ್ಲ, ಕೇಳಿಯೂ ಇಲ್ಲ.

ಮೂವತ್ತು ವರ್ಷ ತೆರೆಯ ಹಿಂದೆ ಕೂತು ಅವನಿಗೆ ಮಾತು ಎತ್ತಿಕೊಟ್ಟವನು ನಾನು. ಈ ಒಂದು ಮಾತು ನನ್ನ ಬಾಯಿಗೂ ಬರುತ್ತಿಲ್ಲ. ನೀನೇ ಹೇಳಬೇಕು. ಇಲ್ಲವೇ ಬೆಟ್ಟವೇ ಹೇಳಬೇಕು.

ಮಾವ

*

ಡಿಸೆಂಬರ್ 2

ಅಪ್ಪ,

ಮುದ್ರಣದ ಮಾವ ಉಳಿದ ಚೀಟಿ ಕೊಡುತ್ತಿಲ್ಲ ಎಂದು ಅವರ ಮೇಲೆ ಸಿಟ್ಟಾಗಬೇಡಿ. ನಾನು ಹೇಳಿದ್ದು.

ನೀವು ನನಗಾಗಿ ಏನು ಬೇಕಾದರೂ ಮಾಡುತ್ತೇನೆ ಎಂದು ಆಸ್ಪತ್ರೆಯಲ್ಲಿ ವಾರ್ಡಿಗೇ ಕೇಳುವ ಹಾಗೆ ಹೇಳಿದ್ದಿರಿ. ಇದೊಂದು ಮಾಡಿ. ಮಾವನ ಸ್ಕೂಟರಿನಲ್ಲಿ ಕೋಟೆ ಬಾಗಿಲಿನ ತನಕ ಹೋಗಿ. ಅಲ್ಲಿಂದ ಚೀಟಿ ಕೈಯಲ್ಲಿ ಹಿಡಿದು ಕೆಳಗೆ ನಡೆಯಿರಿ. ಬರೆದ ಹಾಗೇ ಮಾಡಿ. ಎಲ್ಲೂ ನಿಮ್ಮ ನೆನಪಿನಿಂದ ಏನನ್ನೂ ಸೇರಿಸಬೇಡಿ.

ಹೋಗಿ ಬಂದಮೇಲೆ ನನಗೆ ಪತ್ರ ಬರೆಯಲೇಬೇಕೆಂದಿಲ್ಲ.

ಮಗಳು

*

ಡಿಸೆಂಬರ್ 14

ಮಗಳೇ,

ಹೋಗಿದ್ದೆ.

ಸಿಟ್ಟಿನಲ್ಲೇ ಹೊರಟೆ. ದಾರಿಯುದ್ದಕ್ಕೂ ಸ್ಕೂಟರಿನ ಹಿಂದೆ ಕೂತು ನಿನ್ನ ಮಾವನಿಗೆ ಬೈದೆ. ಅವನು ಒಂದಕ್ಕೂ ಎದುರಾಡಲಿಲ್ಲ. ಆಗಲೇ ನನಗೆ ಅರ್ಥವಾಗಬೇಕಿತ್ತು. ಒಂದು ಬೈದರೆ ಎರಡು ತಿರುಗಿ ಎತ್ತಿಕೊಡುವವನು ಅವನು.

ಕೋಟೆ ಬಾಗಿಲಿನಲ್ಲಿ ಇಳಿದು ಚೀಟಿಯನ್ನು ಗಟ್ಟಿಯಾಗಿ ಓದಿದೆ. ನಿನ್ನ ನೀಲಿ ಸೈಕಲ್ಲನ್ನು ಇನ್ನೊಂದು ಗಾಡಿಯಲ್ಲಿ ಹಾಕಿಸಿಕೊಂಡು ಹೋಗಿದ್ದೆ, ಹತ್ತಲಾಗದಿದ್ದರೂ ತಳ್ಳಿಕೊಂಡಾದರೂ ಇಳಿಯೋಣ ಎಂದು. ಗಾಳಿಯ ಜೊತೆ ಮಾತಾಡು ಎಂದು ಬರೆದಿದ್ದೆನಲ್ಲ, ಮಾತಾಡುತ್ತಲೇ ನಡೆದೆ. ನಾಯಿ ಎಲ್ಲಿ ಎಂದು ಹುಡುಕಿದೆ. ಆ ದಾರಿಯಲ್ಲಿ ಮೂರು ಮೈಲಿ ಒಂದು ಮನೆಯಿಲ್ಲ, ಒಂದು ಕೊಟ್ಟಿಗೆಯಿಲ್ಲ. ಮನೆಯಿಲ್ಲದ ಕಡೆ ಬೀದಿನಾಯಿ ಎಲ್ಲಿಂದ ಬರಬೇಕು?

ಗೋಪುರಕ್ಕಾಗಿ ನೋಡುತ್ತ ನಡೆದೆ. ಈಗ ಕಾಣುತ್ತದೆ, ಈ ಮರ ದಾಟಿದರೆ ಕಾಣುತ್ತದೆ ಎಂದುಕೊಂಡೆ. ಬಂಡೆ ಬಂತು. ರಸ್ತೆ ಬಲಕ್ಕೆ ಹೊರಳಿತು. ನಾನು ನಡೆಯುತ್ತಿದ್ದವನು, ಹೊರಳಿದೆ. ಹೊರಳಿದ ಮೇಲೆ ತಲೆಯೆತ್ತಿದರೆ ಗೋಪುರ ನನ್ನ ಹೆಗಲ ಹಿಂದೆ ನಿಂತಿದೆ.

ಅಂಚಿನ ಗೋಡೆಯಲ್ಲಿ ಮೂರು ಕಲ್ಲು ಇರಲಿಲ್ಲ. ನಾಲ್ಕನೆಯ ಕಲ್ಲಿನ ಮೇಲೆ ನೀಲಿ ಗೀರು. ಸೈಕಲ್ಲನ್ನು ಅದರ ಪಕ್ಕ ಹಿಡಿದು ನೋಡಿದೆ. ಬಣ್ಣ ನಾನೇ ಕಲಸಿದ್ದು, ಗುರುತು ಸಿಗದೆ ಇರುತ್ತದೆಯೇ?

ನಿನ್ನ ಮಾವ, "ಕೂತ್ಕೊಳೋ, ಕೂತ್ಕೋ" ಅಂದ. ಕೂತೆ. ನೀನು ಬಿದ್ದ ಸೆಪ್ಟೆಂಬರ್ ಹದಿನಾಲ್ಕರ ಬೆಳಗ್ಗೆ ಹನ್ನೊಂದು ಗಂಟೆಗೆ ನಾನೇನು ಮಾಡುತ್ತಿದ್ದೆ ಎಂದು ಲೆಕ್ಕ ಹಾಕಿದೆ. ಅದೇ ಸಾಲನ್ನು ಇನ್ನೊಂದು ಚೀಟಿಗೆ ನಕಲು ಮಾಡುತ್ತಿದ್ದೆ. ಬರೆಯುತ್ತ ಗಟ್ಟಿಯಾಗಿ ಹೇಳಿಕೊಳ್ಳುತ್ತಲೂ ಇದ್ದೆ.

ಆಸ್ಪತ್ರೆಯಲ್ಲಿ ಐದು ವಾರ ನಿನಗೆ ಬೈದೆ.

ಅಪ್ಪ

*

ಜನವರಿ 5

ಅಪ್ಪ,

ಮೂರು ಸಲ ಕೂತೆ, "ತಪ್ಪು ನಿಮ್ಮದಲ್ಲ" ಎಂದು ಬರೆಯಲು. ಮೂರು ಸಲವೂ ಕಾಗದ ಹರಿದೆ. ಮೆಟ್ಟಿಲು ಇಳಿಯುವಾಗ ಒಂದೊಂದು ದಿನ ಸಿಟ್ಟು ಬರುತ್ತದೆ. ಹತ್ತುವಾಗ ಬರುವುದಿಲ್ಲ, ಹತ್ತುವಾಗ ಉಸಿರೇ ಸಾಲುವುದಿಲ್ಲ. ಇನ್ನೊಂದು ಸಲ ಕೂತಾಗ ಆ ಸಾಲು ಬರುತ್ತದೋ ಏನೋ. ಸುಳ್ಳು ಒಂದು ಸಲ ಹೇಳಿ ಸಾಕಾಗಿದೆ.

ಅಂಗಡಿಯಲ್ಲಿ ಒಬ್ಬರು ಹಿರಿಯರಿಗೆ ಕನ್ನಡಕ ಮಾಡಿಕೊಟ್ಟೆ. ಹಾಕಿಕೊಂಡು, "ಅಯ್ಯೋ, ನಿಮ್ಗೆ ಇಷ್ಟು ಚಿಕ್ಕ ವಯಸ್ಸಾ!" ಅಂದರು. ನಗು ಬಂತು. ಎಷ್ಟೋ ದಿನದ ಮೇಲೆ.

ಹೊರಗೆ ಹೋದ ಚೀಟಿಗಳು ಏನಾದವು? ಎಷ್ಟು ವಾಪಸ್ಸು ಬಂದವು? ಅಲ್ಲಿ ಒಂದು ಫಲಕ ಹಾಕಿಸಲು ಆಗುವುದಿಲ್ಲವೇ? ಅದನ್ನು ಮಾತ್ರ ಬರೆಯಿರಿ.

ಮಗಳು

*

ಫೆಬ್ರವರಿ 9

ಮಗಳೇ,

ಬರೆಯಬೇಡ ಆ ಸಾಲನ್ನು. ನಾನು ಕೇಳುತ್ತಿಲ್ಲ. ನೀನು ಕೇಳಿದ್ದಕ್ಕೆ ಉತ್ತರ ಇಷ್ಟು.

ರಸ್ತೆಯ ಕಚೇರಿಗೆ ಐದು ಸಲ ಹೋದೆ. ಗೋಪುರ ಪುರಾತನ ಸ್ಮಾರಕವಂತೆ, ಅದರ ನೂರು ಮೀಟರ್ ಸುತ್ತ ಕಂಬ ನೆಡಲು ಒಂದು ಗುಣಿ ತೋಡುವ ಹಾಗಿಲ್ಲವಂತೆ. ಸ್ಮಾರಕದ ಕಚೇರಿಯವರು, ಫಲಕ ರಸ್ತೆಯ ವಿಷಯ, ಅವರನ್ನೇ ಕೇಳಿ ಎಂದರು. ಎರಡು ಕಚೇರಿಯ ನಡುವೆ ಚೆಂಡಿನ ಹಾಗೆ ಓಡಾಡಿದೆ. ಕೊನೆಗೆ ಒಂದು ದಿನ ಗುಮಾಸ್ತನ ಮೇಜಿನ ಮುಂದೆ ನಿಂತು, ಇದ್ದ ಗಂಟಲೆಲ್ಲ ತೆರೆದು ನಿನ್ನ ಕಾಲಿನ ಕಥೆ ಹೇಳಿದೆ. ಕಚೇರಿಗೆ ಕಚೇರಿಯೇ ಎದ್ದು ನಿಂತಿತು. ಮುಗಿದ ಮೇಲೆ ಗುಮಾಸ್ತ, "ಸ್ವಲ್ಪ ಮೆಲ್ಲಗೆ ಹೇಳಿ ಯಜಮಾನ್ರೇ, ನಾವೇನು ಕಿವುಡರಾ? ಅರ್ಜಿ ಅಲ್ಲಿಡಿ" ಅಂದ. ಇಟ್ಟು ಬಂದೆ. ಬಂಡೆಯ ಮೇಲೆ ನಾನೇ ಬಿಳಿ ಬಣ್ಣದಲ್ಲಿ ಬರೆದೆ. ಸ್ಮಾರಕದ ಕಾವಲುಗಾರ ಸಂಜೆಯೊಳಗೆ ಕೆರೆದು ಹಾಕಿದ. ಪಾಪ, ಒಳ್ಳೆಯವನು, ಬಣ್ಣದ ಡಬ್ಬಿ ವಾಪಸ್ಸು ಕೊಟ್ಟ.

ಅದಕ್ಕೆ ಈಗ ಶನಿವಾರ, ಭಾನುವಾರ ಹಾಲಿನ ವ್ಯಾನಿನಲ್ಲಿ ಮೇಲೆ ಹೋಗುತ್ತೇನೆ. ಬಂಡೆಯ ನೆತ್ತಿಯ ಮೇಲೆ ನಿಂತರೆ ಇಳಿಜಾರು ಪೂರ್ತಿ ಕಾಣುತ್ತದೆ. ಸೈಕಲ್ ಕಂಡ ಕೂಡಲೇ ಕೂಗುತ್ತೇನೆ: "ಬ್ರೇಕ್! ಹಿಡೀ! ಬ್ರೇಕ್!" ಹಿಂದಿನ ಬೆಂಚಿನವರೆಗೆ ಕೇಳಿಸಬೇಕೆಂದು ಬೆಳೆಸಿದ ಗಂಟಲು ಇದು. ಮೂರು ತಿರುವಿನಾಚೆ ಕೇಳಿಸುತ್ತದೆ. ಎಲ್ಲರೂ ನಿಲ್ಲುತ್ತಾರೆ, ಹುಚ್ಚನನ್ನು ನೋಡುವ ಹಾಗೆ ನೋಡುತ್ತಾರೆ. ಚೀಟಿ ಇದೆಯೇ ಎಂದು ಕೇಳುತ್ತೇನೆ, ಇದ್ದರೆ ಇಸಿದುಕೊಳ್ಳುತ್ತೇನೆ. ನಿನ್ನ ಅತ್ತೆ ಫ್ಲಾಸ್ಕಿನಲ್ಲಿ ಬಿಸಿನೀರು ಕಟ್ಟಿಕೊಡುತ್ತಾಳೆ. "ಅಣ್ಣಾ, ಕಂಪನಿಯಲ್ಲೂ ಇಷ್ಟು ಕಿರುಚಿರ್ಲಿಲ್ಲ ನೀನು" ಅನ್ನುತ್ತಾಳೆ. ಅಂದು ಒಳಗೆ ಹೋಗಿ ಅಳುತ್ತಾಳೆ, ನನಗೆ ಕೇಳಿಸುವುದಿಲ್ಲ ಎಂದುಕೊಂಡು.

ಕಳೆದ ಭಾನುವಾರ ಒಬ್ಬಳು ಬಂದಳು. ನಿನ್ನ ವಯಸ್ಸು. ನಿನ್ನ ಹಾಗೇ ಹ್ಯಾಂಡಲ್ ಮೇಲೆ ಬಾಗಿ ಬರುತ್ತಿದ್ದಳು. ಕೂಗಿದೆ. ನನ್ನ ದನಿ ಈಚೆಗೆ ಒಡೆದಿದೆ, ಮೊದಲ ಕೂಗು ಗಾಳಿಯಾಗಿ ಹೋಯಿತು. ಎರಡನೆಯದಕ್ಕೆ ಅವಳು ಹಿಡಿದಳು. ಟೈರು ಕಿರ್ರೆಂದು ಜಾರಿ ಗೋಡೆಯಿಂದ ಒಂದು ಮೊಳ ಈಚೆ ನಿಂತಳು. ಮೇಲೆ ನೋಡಿ, "ಏನ್ರೀ, ಹೀಗೆ ಕೂಗಿದ್ರೆ ಹೆದರಿ ಬೀಳಲ್ವಾ ನಾನು?" ಎಂದು ರೇಗಿದಳು. ಆಮೇಲೆ ತಿರುವನ್ನು ನೋಡಿದಳು, ಕಲ್ಲಿಲ್ಲದ ಗೋಡೆಯನ್ನು ನೋಡಿದಳು. ಜೇಬಿನಿಂದ ಚೀಟಿ ತೆಗೆದು ಒಂಬತ್ತನೆಯ ಸಾಲು ಓದಿದಳು.

"ಯಾರ್ರೀ ಇದನ್ನ ಬರೆದೋನು?" ಅಂದಳು.

ನಿನ್ನ ಮಾವ ಪಕ್ಕದಲ್ಲಿದ್ದ. ತಲೆ ತಗ್ಗಿಸಿಕೊಂಡ. ಎತ್ತಿಕೊಡಲಿಲ್ಲ. ಏಳು ರಾಜರ ಮಾತು ಇಟ್ಟುಕೊಂಡ ಈ ಬಾಯಿಗೆ "ನಾನೇ" ಎಂಬ ಎರಡಕ್ಷರ ಬರಲಿಲ್ಲ, ಮಗಳೇ. ಅವಳು ಚೀಟಿಯನ್ನು ನನ್ನ ಕೈಗಿಟ್ಟು, "ನೀವು ದೇವ್ರ ಹಾಗೆ ಬಂದ್ರಿ" ಎಂದು ಹೇಳಿ ಇಳಿದುಹೋದಳು. ಅದನ್ನು ಕೇಳಿಸಿಕೊಂಡು ನಿಂತೆ.

ಹನ್ನೆರಡು ಸಿಕ್ಕಿವೆ. ಎಪ್ಪತ್ತೊಂದು ಹೊರಗಿವೆ. ವೈದ್ಯರು ಒಂದು ತಿಂಗಳು ಮಾತೇ ಆಡಬೇಡಿ ಎಂದಿದ್ದಾರೆ. ವಾರದಲ್ಲಿ ಐದು ದಿನ ಬಂಡೆಯ ಮೇಲೆ ಯಾರೂ ಇರುವುದಿಲ್ಲ. ಮೊನ್ನೆ ಬುಧವಾರ ಚಕ್ರಕ್ಕೆ ಕಡ್ಡಿ ಕಟ್ಟುತ್ತ ಕೂತಿದ್ದಾಗ ಆಂಬುಲೆನ್ಸ್ ಬೆಟ್ಟದ ಕಡೆ ಹೋಯಿತು. ಹಿಂದೆ ಬರುವ ತನಕ ಕಡ್ಡಿ ಕೈಯಲ್ಲೇ ಇತ್ತು. ಯಾರಿಗೋ ಹೆರಿಗೆಯಂತೆ.

ಯಾರೂ ಬರದ ಹೊತ್ತಿನಲ್ಲಿ ಬಂಡೆಯ ಮೇಲೆ ನಿಂತು, ಖಾಲಿ ಇಳಿಜಾರಿಗೆ ಒಮ್ಮೊಮ್ಮೆ ಸುಮ್ಮನೆ ಕೂಗುತ್ತೇನೆ. ನಿನ್ನ ಮಾವ, "ಯಾರಿಗೋ?" ಅನ್ನುತ್ತಾನೆ.

ಸೆಪ್ಟೆಂಬರ್ ಹದಿನಾಲ್ಕು, ಬೆಳಗ್ಗೆ ಹನ್ನೊಂದಕ್ಕೆ ಬರುತ್ತಿರುವವಳಿಗೆ.

ಅಪ್ಪ